ಒಳಬಂದ ಅಕ್ಷರವನ್ನು ಜೀವಕೋಶ ಗುರುತಿಸುವ ಬಗೆ

(ಪುಣೆಯ ಕನ್ನಡಿಗರ ಬಳಗವೊಂದರಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೆ, ಗೆಳೆಯರೆ,

ನಾನು ಈ ಊರಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಆದರೂ ಮಂಡಈಯಲ್ಲಿ ತರಕಾರಿ ಮಾರುವ ಆಜಿಯೊಬ್ಬರು ನನ್ನ ಎರಡನೆಯ ವಾಕ್ಯ ಮುಗಿಯುವುದರೊಳಗೆ ನಾನು ಕರ್ನಾಟಕದವನೆಂದು ಹೇಳಿಬಿಡುತ್ತಾರೆ. ನನ್ನ ಮರಾಠಿಯಲ್ಲಿ ಪದಗಳಿಗೆ ಕೊರತೆಯಿಲ್ಲ, ಉಚ್ಚಾರವೂ ತೀರ ಕೆಟ್ಟದ್ದೇನಲ್ಲ. ನಾನು ಸಿಕ್ಕಿಬೀಳುವುದು ಲಿಂಗದಲ್ಲಿ. ನಮ್ಮ ಭಾಷೆಯಲ್ಲಿ ಚೀಲವೂ ತಕ್ಕಡಿಯೂ ಬದನೆಕಾಯಿಯೂ ಬರಿಯ ‘ಅದು’. ಮರಾಠಿಯಲ್ಲಿ ಪಿಶವಿ, ಅಂದರೆ ಚೀಲ, ಹೆಣ್ಣು; ಆದ್ದರಿಂದ ‘ನನ್ನ ಚೀಲ’ ಎನ್ನಲು ‘ಮಾಝೀ ಪಿಶವಿ’ ಎನ್ನಬೇಕು. ನಾನು ಅವಸರದಲ್ಲಿ ‘ಮಾಝಾ ಪಿಶವಿ’ ಎಂದುಬಿಡುತ್ತೇನೆ. ಬಳಸಿದ ಧ್ವನಿಗಳೆಲ್ಲ ಮರಾಠಿಯವೇ, ಪದಗಳೂ ಮರಾಠಿಯವೇ, ಆದರೆ ಪದದ ತುದಿಯಲ್ಲಿ ಇರಬೇಕಾದದ್ದು ಇಲ್ಲ. ಆಜಿಗೆ ಅಷ್ಟು ಸಾಕು.

ಇವತ್ತು ನಾನು ಮಾತನಾಡಬೇಕೆಂದಿರುವುದು ಜೀವಕೋಶಕ್ಕೆ ಎದುರಾಗುವ ಇಂಥದ್ದೇ ಒಂದು ತೊಡಕನ್ನು ಕುರಿತು. ನಮ್ಮ ಆನುವಂಶಿಕ ಬರಹ ನಾಲ್ಕು ಅಕ್ಷರಗಳದ್ದು. ಬ್ಯಾಕ್ಟೀರಿಯಾದ್ದೂ ಅದೇ ನಾಲ್ಕು ಅಕ್ಷರಗಳದ್ದು, ವೈರಸ್ಸಿನದ್ದೂ ಅಷ್ಟೆ. ಡಿಎನ್‌ಎ ಆದರೂ ಆರ್‌ಎನ್‌ಎ ಆದರೂ ಯಾರದಾದರೂ ರಸಾಯನವಾಗಿ ಅದು ಒಂದೇ ಬಗೆಯ ವಸ್ತು: ಸಕ್ಕರೆ, ಫಾಸ್ಫೇಟ್, ಅಕ್ಷರಗಳೆಂದು ನಾವು ಕರೆಯುವ ನಾಲ್ಕು ಪ್ರತ್ಯಾಮ್ಲಗಳು. ಹೀಗಿರುವಾಗ ಹೊರಗಿನಿಂದ ಬಂದ ಬರಹವನ್ನು, ಅದೂ ಜೀವಮಾನದಲ್ಲಿ ಒಮ್ಮೆಯೂ ಕಂಡಿರದ ಬರಹವನ್ನು, ಒಂದು ಜೀವಕೋಶ ಕೆಲವೇ ತಾಸುಗಳಲ್ಲಿ ಹೊರಗಿನದೆಂದು ಹೇಗೆ ತಿಳಿಯುತ್ತದೆ? ಪ್ರತಿಕಾಯಗಳ ಮಾತು ಬೇರೆ. ಅವು ತಯಾರಾಗಲು ವಾರ ಹಿಡಿಯುತ್ತದೆ, ಮತ್ತು ಅವು ಕಲಿತು ಬಂದವು. ಕಲಿಯುವ ಮೊದಲೇ, ಹುಟ್ಟಿನಿಂದಲೇ ಇರುವ ಗುರುತಿಸುವಿಕೆಯನ್ನು ಸಹಜ ರೋಗನಿರೋಧಕ ವ್ಯವಸ್ಥೆ ಎನ್ನುತ್ತೇವೆ. ಅದು ಅನ್ಯ ಬರಹವನ್ನು ಓದಿ ಅರ್ಥಮಾಡಿಕೊಳ್ಳುವುದಿಲ್ಲ ಎಂಬುದೇ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿ. ಬರಹದಲ್ಲಿ ಏನಿದೆ ಎಂಬುದು ಅದಕ್ಕೆ ಹೆಚ್ಚುಕಡಿಮೆ ಬೇಕಾಗಿಯೇ ಇಲ್ಲ. ಬರಹ ಎಲ್ಲಿ ಸಿಕ್ಕಿತು, ಅದರ ತುದಿ ಹೇಗಿದೆ, ಎಷ್ಟು ಉದ್ದವಿದೆ, ಎಷ್ಟು ಪ್ರಮಾಣದಲ್ಲಿದೆ, ಇಷ್ಟನ್ನೇ ಅದು ಕೇಳುತ್ತದೆ.

ಬ್ಯಾಕ್ಟೀರಿಯಾವನ್ನು ಗುರುತಿಸುವುದು ಸುಲಭ, ಏಕೆಂದರೆ ಅದರ ಹೊರಗೋಡೆಯಲ್ಲಿ ನಮ್ಮ ಮೈಯಲ್ಲಿ ಎಲ್ಲಿಯೂ ಇಲ್ಲದ ವಸ್ತುಗಳಿರುತ್ತವೆ. ವೈರಸ್ಸಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಅದರ ಪ್ರೋಟೀನುಗಳನ್ನು ಮಾಡಿಕೊಟ್ಟದ್ದು ನಮ್ಮದೇ ಜೀವಕೋಶದ ಯಂತ್ರ. ಅದು ಹೊದ್ದುಕೊಂಡಿರುವ ಕೊಬ್ಬಿನ ಪೊರೆ ಎಷ್ಟೋ ಸಲ ನಮ್ಮದೇ ಜೀವಕೋಶದಿಂದ ಹರಿದುಕೊಂಡದ್ದು. ವೈರಸ್ ಏನನ್ನು ಬದಲಿಸಿಕೊಂಡರೂ ಒಂದನ್ನು ಮಾತ್ರ ಬಿಟ್ಟುಬರಲಾರದು: ತನ್ನ ಬರಹವನ್ನು ಒಳಗೆ ತರಲೇಬೇಕು, ಅದರ ನಕಲುಗಳನ್ನು ತೆಗೆಯಲೇಬೇಕು. ನಮ್ಮ ವ್ಯವಸ್ಥೆ ಪಣವೊಡ್ಡಿರುವುದು ಇದೊಂದರ ಮೇಲೆಯೇ.

ಇತಿಹಾಸವನ್ನು ಎಲ್ಲಿಂದಲೋ ಆರಂಭಿಸಬಹುದು. ನಾನು 1957ರಿಂದ ಆರಂಭಿಸುತ್ತೇನೆ, ಅದಕ್ಕೆ ಎರಡು ಕಾರಣಗಳಿವೆ. ಆ ವರ್ಷ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಹೋಗಿ ನೋಡಿ, ವೈರಸ್ಸನ್ನು ಬೇರ್ಪಡಿಸಿದವರು ಈ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. 1952ರಲ್ಲಿ ಸ್ಥಾಪನೆಯಾದ ಆ ಕೇಂದ್ರವೇ ಈಗ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳದಿ ಜ್ವರವೇ ನಮ್ಮ ದೇಶಕ್ಕೆ ಬಂತೋ ಎಂದು ಮೊದಲು ಆತಂಕವಿತ್ತು. ಅದಲ್ಲ, ಉಣ್ಣಿಯಿಂದ ಹರಡುವ, ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಹೊಸ ವೈರಸ್ ಎಂದು ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಸೊರಬದಿಂದ ಹೊರಟ ಹೆಸರು ಈಗ ಗೋವಾದ ಸತ್ತರಿ, ಸಿಂಧುದುರ್ಗದ ದೋಡಾಮಾರ್ಗ ತಾಲ್ಲೂಕುಗಳವರೆಗೂ ಬಂದಿದೆ. ಇಡೀ ವೈರಸ್ಸಿನ ಬರಹ ಒಂದೇ ಎಳೆಯ ಆರ್‌ಎನ್‌ಎ, ಸುಮಾರು ಹನ್ನೊಂದು ಸಾವಿರ ಅಕ್ಷರ. ಇಷ್ಟು ಚಿಕ್ಕ ಬರಹ ದೊಡ್ಡ ಮಂಗವೊಂದನ್ನು ಮರದಿಂದ ಬೀಳಿಸುತ್ತದೆ.

ಅದೇ 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡನ್‌ಮನ್ ಇಬ್ಬರೂ ಕೋಳಿಮೊಟ್ಟೆಯ ಒಳಪೊರೆಯ ತುಣುಕುಗಳನ್ನು ಇಟ್ಟುಕೊಂಡು ಒಂದು ಸರಳ ಪ್ರಯೋಗ ಮಾಡುತ್ತಿದ್ದರು. ಕಾಯಿಸಿ ಕೊಂದ ಇನ್‌ಫ್ಲುಯೆಂಜಾ ವೈರಸ್ಸನ್ನು ಆ ಪೊರೆಗೆ ಸೋಕಿಸಿದರೆ, ಪೊರೆಯು ಸುತ್ತಲಿನ ದ್ರವಕ್ಕೆ ಏನನ್ನೋ ಬಿಡುತ್ತಿತ್ತು. ಆ ದ್ರವವನ್ನು ತೆಗೆದು ಹೊಸ ಪೊರೆಯ ಮೇಲೆ ಹಾಕಿದರೆ, ಅಲ್ಲಿ ಜೀವಂತ ವೈರಸ್ ಬೆಳೆಯಲಾಗುತ್ತಿರಲಿಲ್ಲ. ವೈರಸ್ಸಿಗೆ ಅಡ್ಡಬರುವ ಆ ವಸ್ತುವಿಗೆ ಅವರು ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಸತ್ತ ವೈರಸ್ಸನ್ನು ಕಂಡು ಜೀವಕೋಶ ಎಚ್ಚರಗೊಂಡಿದ್ದೇಕೆ? ಹೊರಗಿನ ನ್ಯೂಕ್ಲಿಯಿಕ್ ಆಮ್ಲವೇ, ಅಂದರೆ ಡಿಎನ್‌ಎ ಅಥವಾ ಆರ್‌ಎನ್‌ಎಯೇ, ಇದಕ್ಕೆ ಪ್ರಚೋದನೆ ಇರಬೇಕೆಂದು ಐಸಾಕ್ಸ್ 1963ರಲ್ಲಿಯೇ ಬರೆದರು. 1967ರಲ್ಲಿ ಅಮೆರಿಕದಲ್ಲಿ ಮಾರಿಸ್ ಹಿಲ್ಮನ್ ಅವರ ತಂಡ ಪ್ರಯೋಗಾಲಯದಲ್ಲಿ ಮಾಡಿದ ಜೋಡಿ ಎಳೆಯ ಆರ್‌ಎನ್‌ಎ ಒಂದೇ ಸಾಕು, ವೈರಸ್ಸೇ ಬೇಡ, ಇಂಟರ್‌ಫೆರಾನ್ ಹೊರಬರುತ್ತದೆ ಎಂದು ತೋರಿಸಿತು. ಉತ್ತರ ಕೈಗೆ ಬಂದಂತೆಯೇ ಇತ್ತು. ಆದರೆ ಆ ಆರ್‌ಎನ್‌ಎಯನ್ನು ಮುಟ್ಟಿ ನೋಡುವ ಪ್ರೋಟೀನ್ ಯಾವುದೆಂದು ತಿಳಿಯಲು ಇನ್ನೂ ಮೂರು ದಶಕ ಬೇಕಾಯಿತು.

ನಡುವಿನ ಕಥೆಯನ್ನು ಬೇಗ ದಾಟುತ್ತೇನೆ, ಅದು ಪ್ರಸಿದ್ಧವಾದದ್ದು. ಸೂಕ್ಷ್ಮಜೀವಿಗಳ ಸಾಮಾನ್ಯ ಲಕ್ಷಣಗಳನ್ನು ಹಿಡಿಯುವ ಗ್ರಾಹಿಗಳು, ಅಂದರೆ ಹಿಡಿದು ಗುರುತಿಸುವ ಪ್ರೋಟೀನುಗಳು, ಇರಲೇಬೇಕೆಂದು ಚಾರ್ಲ್ಸ್ ಜೇನ್‌ವೇ 1989ರಲ್ಲಿ ತರ್ಕದಿಂದಲೇ ಹೇಳಿದರು. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ ಹಣ್ಣಿನ ನೊಣದಲ್ಲಿ ಟಾಲ್ ಎಂಬ ಜೀನ್ ಇಲ್ಲದಿದ್ದರೆ ನೊಣ ಬೂಷ್ಟು ಹಿಡಿದು ಸಾಯುವುದನ್ನು ಕಂಡಿತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಯಲ್ಲಿ ಅದರ ಬಂಧುವನ್ನು ಗುರುತಿಸಿದರು. 2011ರ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಇವರಿಬ್ಬರಿಗೆ ಬಂತು. ಮನುಷ್ಯರಲ್ಲಿ ಟಾಲ್ ತರಹದ ಗ್ರಾಹಿಗಳು ಹತ್ತು; ಅವುಗಳಲ್ಲಿ 3, 7, 8 ಮತ್ತು 9ನೆಯವು ನ್ಯೂಕ್ಲಿಯಿಕ್ ಆಮ್ಲವನ್ನು ಹಿಡಿಯುತ್ತವೆ.

ಈ ನಾಲ್ಕೂ ಜೀವಕೋಶದ ಹೊರಮೈ ಮೇಲೆ ಇಲ್ಲದಿರುವುದೇ ಇಲ್ಲಿ ಗಮನಿಸಬೇಕಾದದ್ದು. ಜೀವಕೋಶ ಹೊರಗಿನದನ್ನು ನುಂಗಿದಾಗ ಅದರ ಸುತ್ತ ಪೊರೆಯ ಒಂದು ಚೀಲ ಕಟ್ಟಿಕೊಳ್ಳುತ್ತದೆ. ಚೀಲದೊಳಗೆ ಹುಳಿ ಏರುತ್ತದೆ, ನುಂಗಿದ್ದು ಕರಗತೊಡಗುತ್ತದೆ. ಈ ಗ್ರಾಹಿಗಳು ಕುಳಿತಿರುವುದು ಆ ಚೀಲದ ಒಳಮೈಯಲ್ಲಿ. 9ನೆಯದು ಡಿಎನ್‌ಎಯನ್ನು ಹಿಡಿಯುತ್ತದೆಂದು 2000ದಲ್ಲಿ ಜಪಾನಿನ ಶಿಝುವೊ ಅಕಿರಾ ಅವರ ತಂಡ ಕಂಡುಕೊಂಡಿತು. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸಿ ಆದ ಮೇಲೆ ಜಿ ಬರುವ ಜೋಡಿ ಧಾರಾಳವಾಗಿರುತ್ತದೆ, ಬೋಳಾಗಿಯೂ ಇರುತ್ತದೆ. ನಮ್ಮಲ್ಲಿ ಅದು ವಿರಳ, ಇದ್ದಲ್ಲಿಯೂ ಬಹುಪಾಲು ಮೀಥೈಲ್ ಎಂಬ ಪುಟ್ಟ ಪರಮಾಣು ಗುಂಪೊಂದನ್ನು ಅಂಟಿಸಿಕೊಂಡಿರುತ್ತದೆ. ಇದನ್ನು ಕೇಳಿದಾಗ ಈ ಗ್ರಾಹಿ ಓದಿಯೇ ಗುರುತಿಸುತ್ತದೆಯಲ್ಲ ಎನಿಸುವುದು ಸಹಜ. ಆದರೆ 2006ರಲ್ಲಿ ಅಮೆರಿಕದ ಸಂಶೋಧಕರು ಈ ಗ್ರಾಹಿಯ ಬಾಲವನ್ನು ಬದಲಿಸಿ ಅದು ಚೀಲದೊಳಗೆ ಹೋಗದೆ ಹೊರಮೈಗೆ ಬಂದು ನಿಲ್ಲುವಂತೆ ಮಾಡಿದರು. ಅಲ್ಲಿ ನಿಂತ ಗ್ರಾಹಿ ನಮ್ಮದೇ ಡಿಎನ್‌ಎಗೆ ಎಚ್ಚರಗೊಂಡಿತು, ವೈರಸ್ಸಿನ ಡಿಎನ್‌ಎಗೆ ಎಚ್ಚರಗೊಳ್ಳಲಿಲ್ಲ! ಸತ್ತ ಜೀವಕೋಶಗಳಿಂದ ಚೆಲ್ಲಿದ ನಮ್ಮ ಡಿಎನ್‌ಎಯನ್ನು ರಕ್ತದಲ್ಲಿರುವ ಕಿಣ್ವಗಳು ಹೊರಗೇ ಚೂರುಮಾಡಿಬಿಡುತ್ತವೆ, ಚೀಲದವರೆಗೆ ಅದು ಬರುವುದು ಕಡಿಮೆ. ವೈರಸ್ಸಿನದು ಮಾತ್ರ ತನ್ನ ಪ್ರೋಟೀನ್ ಡಬ್ಬಿಯೊಳಗೆ ಭದ್ರವಾಗಿ ಚೀಲದವರೆಗೂ ಬಂದು, ಅಲ್ಲಿ ಡಬ್ಬಿ ಕರಗಿದಾಗ ಬಯಲಾಗುತ್ತದೆ. ಇಲ್ಲಿ ಅಕ್ಷರಕ್ಕಿಂತ ಜಾಗವೇ ದೊಡ್ಡ ಸಾಕ್ಷಿ.

ಚೀಲವನ್ನು ದಾಟಿ ಜೀವಕೋಶದ ಒಳರಸಕ್ಕೇ ಇಳಿದುಬಿಟ್ಟ ವೈರಸ್ಸಿನ ಗತಿ ಏನು? ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮಂಡಈಯ ಆಜಿಯನ್ನು ನಾನು ಕರೆತಂದದ್ದೇ ಇದಕ್ಕಾಗಿ.

ಒಳರಸದಲ್ಲಿ ನಮ್ಮದೇ ಆರ್‌ಎನ್‌ಎ ತುಂಬಿ ತುಳುಕುತ್ತಿರುತ್ತದೆ. ಆದ್ದರಿಂದ ಜಾಗ ಇಲ್ಲಿ ಸಾಕ್ಷಿಯಾಗಲಾರದು, ರೂಪವನ್ನೇ ನೋಡಬೇಕು. ಯಾವುದೇ ಆರ್‌ಎನ್‌ಎ ಸರಪಳಿ ಹುಟ್ಟುವಾಗ ಅದರ ಮೊದಲ ಅಕ್ಷರದ ತಲೆಯ ಮೇಲೆ ಮೂರು ಫಾಸ್ಫೇಟುಗಳು ಸಾಲಾಗಿ ಉಳಿದಿರುತ್ತವೆ. ಇದು ರಸಾಯನದ ಅನಿವಾರ್ಯ, ನಮ್ಮಲ್ಲಿಯೂ ಹೀಗೆಯೇ, ವೈರಸ್ಸಿನಲ್ಲಿಯೂ ಹೀಗೆಯೇ. ಆದರೆ ನಮ್ಮ ಸಂದೇಶವಾಹಕ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಹುಟ್ಟುತ್ತಿರುವಂತೆಯೇ, ಸರಪಳಿ ಇಪ್ಪತ್ತು ಮೂವತ್ತು ಅಕ್ಷರ ಬೆಳೆಯುವುದರೊಳಗೆ, ಅದರ ತಲೆಗೆ ಮೀಥೈಲ್ ಅಂಟಿಸಿದ ಒಂದು ಗ್ವಾನೋಸಿನ್ ಅನ್ನು, ಅಂದರೆ ಜಿ ಅಕ್ಷರವನ್ನು, ತಿರುಗಮುರುಗ ಜೋಡಿಸಲಾಗುತ್ತದೆ. ವಿಜ್ಞಾನಿಗಳು ಇದನ್ನು ಟೋಪಿ ಎನ್ನುತ್ತಾರೆ. ಪುಣೆಯಲ್ಲಿ ನಿಂತು ಮಾತನಾಡುವಾಗ ಪಗಡಿ ಎನ್ನುವುದೇ ಮರ್ಯಾದೆ. ಪಗಡಿಯ ಕೆಳಗಿನ ಮೊದಲ ಅಕ್ಷರದ ಸಕ್ಕರೆಗೆ ಇನ್ನೊಂದು ಮೀಥೈಲ್ ಸೇರುತ್ತದೆ. ಪಗಡಿ ಇಲ್ಲದ ನಮ್ಮ ಉಳಿದ ಆರ್‌ಎನ್‌ಎಗಳಲ್ಲಿ, ಉದಾಹರಣೆಗೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಬಹುಪಾಲು ಆರ್‌ಎನ್‌ಎಗಳಲ್ಲಿ, ತುದಿಯನ್ನು ಕತ್ತರಿಸಿ ಒಂದೇ ಫಾಸ್ಫೇಟ್ ಉಳಿಸಲಾಗುತ್ತದೆ. ಹೀಗಾಗಿ ಕೋಶಕೇಂದ್ರದ ಬಾಗಿಲು ದಾಟಿ ಹೊರಬರುವ ನಮ್ಮವರಲ್ಲಿ ಬೋಳು ತಲೆಯ ಮೇಲೆ ಮೂರು ಫಾಸ್ಫೇಟ್ ಹೊತ್ತವರು ಬಹಳ ಅಪರೂಪ.

ಕೋಶಕೇಂದ್ರಕ್ಕೆ ಹೋಗದೆ ಒಳರಸದಲ್ಲಿಯೇ ನಕಲು ತೆಗೆಯುವ ವೈರಸ್ಸಿಗೆ ಈ ಪಗಡಿ ಕಟ್ಟುವವರು ಸಿಗುವುದಿಲ್ಲ. ಬೋಳು ತುದಿಯ ಆರ್‌ಎನ್‌ಎಯನ್ನು ಹಿಡಿಯುವ ಪ್ರೋಟೀನಿನ ಹೆಸರು ರಿಗ್-ಐ. ರೆಟಿನೋಯಿಕ್ ಆಮ್ಲಕ್ಕೆ ಪ್ರತಿಕ್ರಿಯಿಸುವ ಜೀನ್ ಎಂದು ಬೇರೆ ಯಾವುದೋ ಸಂದರ್ಭದಲ್ಲಿ ಇಟ್ಟ ಹೆಸರು ಅದು, ಕೆಲಸಕ್ಕೂ ಹೆಸರಿಗೂ ಸಂಬಂಧವಿಲ್ಲ. ಈ ಕ್ಷೇತ್ರದಲ್ಲಿ ಹೆಸರುಗಳನ್ನು ನಂಬಬಾರದು. ವೈರಸ್ಸನ್ನು ಗುರುತಿಸುವುದು ಇದೇ ಎಂದು 2004ರಲ್ಲಿ ಜಪಾನಿನ ತಕಾಶಿ ಫುಜಿತಾ ಅವರ ತಂಡ ತೋರಿಸಿತು. ಹಿಡಿಯುವುದು ಮೂರು ಫಾಸ್ಫೇಟುಗಳ ತುದಿಯನ್ನು ಎಂಬುದು 2006ರಲ್ಲಿ ತಿಳಿಯಿತು. ರಿಗ್-ಐ ಎಚ್ಚರವಿಲ್ಲದಾಗ ತನ್ನ ಕೈಗಳನ್ನು ತಾನೇ ಮಡಚಿಕೊಂಡು ಕುಳಿತಿರುತ್ತದೆ. ಅದರ ಒಂದು ಕೊನೆಯಲ್ಲಿ ಒಂದು ಗುಳಿಯಿದೆ. ಎರಡು ಎಳೆಗಳು ಸರಿಸಮನಾಗಿ ಮುಗಿಯುವ ತುದಿಯೂ ಅದರ ಮೇಲೆ ಮೂರು ಫಾಸ್ಫೇಟುಗಳೂ ಆ ಗುಳಿಯಲ್ಲಿ ಕೂರುತ್ತವೆ. ನಾನು ಹೇಳಿದ ಆ ಎರಡನೆಯ ಮೀಥೈಲ್, ಅಂದರೆ ಒಂದು ಕಾರ್ಬನ್ ಮತ್ತು ಮೂರು ಹೈಡ್ರೋಜನ್, ಇದ್ದರೆ ಗುಳಿಯಲ್ಲಿರುವ ಒಂದೇ ಒಂದು ಅಮೈನೋ ಆಮ್ಲಕ್ಕೆ ತಾಗಿ ತುದಿ ಕೂರಲಾಗುವುದಿಲ್ಲ. ನಮ್ಮದು, ನಮ್ಮದಲ್ಲ ಎಂಬ ತೀರ್ಮಾನಕ್ಕೆ ನಾಲ್ಕು ಪರಮಾಣುಗಳು ಸಾಕಾದವು. ಹಲಗೆಯ ಮೇಲೆ ನಾನು ಈ ಗುಳಿಯ ಚಿತ್ರ ಬರೆದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬರು ‘ಮಾಝಾ, ಮಾಝೀ’ ಎಂದು ಮೆಲ್ಲಗೆ ನಕ್ಕರು. ಅಲ್ಲಿಗೆ ನನ್ನ ಕೆಲಸ ಅರ್ಧ ಮುಗಿದಂತಾಯಿತು.

ತುದಿ ಕುಳಿತ ಮೇಲೆ ರಿಗ್-ಐ ಮಡಚಿದ ಕೈಗಳನ್ನು ಬಿಚ್ಚುತ್ತದೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಹೊರಪೊರೆಯ ಮೇಲಿರುವ ಮ್ಯಾವ್ಸ್ ಎಂಬ ಪ್ರೋಟೀನನ್ನು ಮುಟ್ಟುತ್ತದೆ. ಮುಟ್ಟಿದ ಮ್ಯಾವ್ಸ್ ಪಕ್ಕದ ಮ್ಯಾವ್ಸನ್ನು ತನ್ನ ಆಕಾರಕ್ಕೆ ತಿರುಗಿಸುತ್ತದೆ, ಅದು ಇನ್ನೊಂದನ್ನು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಂದು ಹನಿಯಿಂದ ಇಡೀ ಪಾತ್ರೆ ಗಟ್ಟಿಯಾಗುತ್ತದೆ. ಹಾಗೆ ಕಟ್ಟಿದ ನಾರುಗಳ ಮೇಲೆ ಬೇರೆ ಕಿಣ್ವಗಳು ಸೇರಿ, ಸಂಕೇತ ಕೋಶಕೇಂದ್ರಕ್ಕೆ ಹೋಗಿ, ಇಂಟರ್‌ಫೆರಾನಿನ ಜೀನ್ ಚಾಲೂ ಆಗುತ್ತದೆ. ಈ ಮ್ಯಾವ್ಸನ್ನು 2005ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದು ನಾಲ್ಕು ಹೆಸರು ಕೊಟ್ಟವು, ಆ ಕಾಲದ ಲೇಖನಗಳನ್ನು ಓದುವವರಿಗೆ ತಲೆನೋವು.

ರಿಗ್-ಐಗೆ ಎಂಡಿಎ-5 ಎಂಬ ದಾಯಾದಿ ಇದೆ. ಅದು ತುದಿಯನ್ನು ನೋಡುವುದಿಲ್ಲ, ಉದ್ದವನ್ನು ನೋಡುತ್ತದೆ. ವೈರಸ್ ನಕಲು ತೆಗೆಯುವಾಗ ಮೂಲ ಎಳೆಯೂ ಪ್ರತಿ ಎಳೆಯೂ ಹೆಣೆದುಕೊಂಡು ಸಾವಿರಾರು ಅಕ್ಷರಗಳ ಜೋಡಿ ಎಳೆ ಆಗುತ್ತದೆ. ನಮ್ಮ ಆರ್‌ಎನ್‌ಎಗಳು ಅಲ್ಲಲ್ಲಿ ಮಡಚಿಕೊಂಡರೂ ಅಷ್ಟುದ್ದ ಜೋಡಿಯಾಗುವುದು ಅಪರೂಪ. ಪೋಲಿಯೋ ಕುಟುಂಬದ ವೈರಸ್ಸುಗಳು ತಮ್ಮ ಆರ್‌ಎನ್‌ಎಯ ತುದಿಗೆ ಒಂದು ಪ್ರೋಟೀನನ್ನೇ ಬೆಸೆದು ರಿಗ್-ಐಯಿಂದ ಮರೆಯಾಗುತ್ತವೆ, ಆದರೆ ಎಂಡಿಎ-5ರ ಕೈಗೆ ಸಿಗುತ್ತವೆ.

ವೈರಸ್ಸುಗಳ ಕಳ್ಳಾಟಗಳನ್ನು ಹೇಳತೊಡಗಿದರೆ ರಾತ್ರಿಯಾಗುತ್ತದೆ. ಇನ್‌ಫ್ಲುಯೆಂಜಾ ನಮ್ಮ ಆರ್‌ಎನ್‌ಎಯ ತಲೆಯನ್ನು ಹತ್ತು ಹದಿಮೂರು ಅಕ್ಷರಗಳ ಸಮೇತ ಕತ್ತರಿಸಿ ಪಗಡಿಯನ್ನು ತನ್ನ ಸಂದೇಶಗಳಿಗೆ ಏರಿಸಿಕೊಳ್ಳುತ್ತದೆ. ಕೊರೊನಾ ವೈರಸ್ಸು, ಡೆಂಗಿ, ಮಂಗನ ಕಾಯಿಲೆಯ ವೈರಸ್ಸು ಇವೆಲ್ಲ ಪಗಡಿಯನ್ನೂ ಮೀಥೈಲನ್ನೂ ತಾವೇ ಕಟ್ಟಿಕೊಳ್ಳುವ ಕಿಣ್ವಗಳನ್ನು ಜೊತೆಗೇ ತರುತ್ತವೆ. ಹನ್ನೊಂದು ಸಾವಿರ ಅಕ್ಷರಗಳ ಬಡ ಬರಹದಲ್ಲಿ ಒಂದಷ್ಟನ್ನು ಕೇವಲ ವೇಷಕ್ಕಾಗಿ ಮೀಸಲಿಡಬೇಕಾಗಿದೆ ಎಂದರೆ, ತುದಿ ನೋಡುವ ಆ ಗುಳಿ ಎಷ್ಟು ದೊಡ್ಡ ಒತ್ತಡ ಹೇರಿದೆ ಎಂದು ಊಹಿಸಬಹುದು. ಹೆಪಟೈಟಿಸ್-ಸಿ ವೈರಸ್ಸು ಇನ್ನೂ ಒರಟು: ಅದರ ಕತ್ತರಿ ಕಿಣ್ವ ಮ್ಯಾವ್ಸನ್ನು ಮೈಟೋಕಾಂಡ್ರಿಯಾದಿಂದಲೇ ಕತ್ತರಿಸಿ ಬೀಳಿಸುತ್ತದೆ.

ಇನ್ನು ಡಿಎನ್‌ಎ. ಒಂದು ಜೀವಕೋಶದಲ್ಲಿ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ, ಅದನ್ನು ಅಡಕಿರುವ ಕೋಶಕೇಂದ್ರ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಆರರಷ್ಟು. ಕೋಶಕೇಂದ್ರವನ್ನು ಮೋಸಂಬಿಯಷ್ಟು ದೊಡ್ಡದು ಮಾಡಿದರೆ ಒಳಗಿನ ದಾರ ಇಪ್ಪತ್ತು ಕಿಲೋಮೀಟರ್, ಸ್ವಾರಗೇಟಿನಿಂದ ಹೊರಟು ಖಡಕ್‌ವಾಸ್ಲಾ ಅಣೆಕಟ್ಟನ್ನು ದಾಟಿ ಹೋಗುವಷ್ಟು. ಅಷ್ಟೂ ಆ ಗೋಡೆಯೊಳಗೆ ಇರಬೇಕು. ಇನ್ನಷ್ಟು ಚೂರು ಮೈಟೋಕಾಂಡ್ರಿಯಾದೊಳಗೆ, 16,569 ಅಕ್ಷರ ಜೋಡಿಗಳ ಉಂಗುರಗಳಾಗಿ. ಒಳರಸದಲ್ಲಿ ಡಿಎನ್‌ಎ ಇರಲೇಬಾರದು. ಅಲ್ಲಿ ಅದು ಕಂಡರೆ ಹಿಡಿಯುವ ಕಿಣ್ವವನ್ನು, ಸಿ-ಗ್ಯಾಸನ್ನು, 2013ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಜೇಮ್ಸ್ ಚೆನ್ ಅವರ ತಂಡ ಕಂಡುಹಿಡಿಯಿತು. ಅದು ಡಿಎನ್‌ಎಯ ಅಕ್ಷರಗಳನ್ನು ಮುಟ್ಟುವುದೇ ಇಲ್ಲ; ಸಕ್ಕರೆ ಮತ್ತು ಫಾಸ್ಫೇಟುಗಳ ಬೆನ್ನನ್ನು ಹಿಡಿಯುತ್ತದೆ. ಏನು ಬರೆದಿದೆ ಎಂಬುದಕ್ಕೆ ಅದು ಪೂರ್ತಿ ಕುರುಡು. ಹಿಡಿದ ಮೇಲೆ ಎಟಿಪಿ, ಜಿಟಿಪಿ ಎಂಬ ಎರಡು ಅಣುಗಳನ್ನು ಸೇರಿಸಿ ಒಂದು ಪುಟ್ಟ ಉಂಗುರಾಕಾರದ ಅಣುವನ್ನು ಮಾಡುತ್ತದೆ. ಆ ಅಣು ಹೋಗಿ ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಸ್ಟಿಂಗನ್ನು 2008ರಲ್ಲಿಯೇ ಗ್ಲೆನ್ ಬಾರ್ಬರ್ ಗುರುತಿಸಿದ್ದರು, ಅದಕ್ಕೆ ಸುದ್ದಿ ತರುವವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಆ ಪುಟ್ಟ ಅಣು ಜೀವಕೋಶಗಳ ನಡುವಿನ ಕಿಂಡಿಗಳ ಮೂಲಕ ಪಕ್ಕದ ಜೀವಕೋಶಕ್ಕೂ ನುಸುಳುತ್ತದೆ. ಸೋಂಕು ತಗುಲಿದ ಮನೆಯಿಂದ ಗೋಡೆಯಾಚೆಯ ಮನೆಗೆ ಸುದ್ದಿ ಮುಟ್ಟಲು ಇಂಟರ್‌ಫೆರಾನಿಗೂ ಕಾಯಬೇಕಿಲ್ಲ.

ಜೀವಕೋಶ ಇಬ್ಭಾಗವಾಗುವಾಗ ಕೋಶಕೇಂದ್ರದ ಗೋಡೆ ಕರಗಿಹೋಗುತ್ತದಲ್ಲ, ಆಗ ಏಕೆ ಗಲಾಟೆಯಾಗುವುದಿಲ್ಲ? ನನ್ನ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಇದು. ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿದೆ. ಸಿ-ಗ್ಯಾಸ್ ಆ ಉಂಡೆಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆಂದರೆ ಡಿಎನ್‌ಎಯನ್ನು ಹಿಡಿಯಬೇಕಾದ ಅದರ ಕೈಗಳೇ ಕಟ್ಟಿಹೋಗುತ್ತವೆ. 2020ರಲ್ಲಿ ಹಲವು ತಂಡಗಳು ಈ ರಚನೆಯನ್ನು ಬಿಡಿಸಿ ತೋರಿಸಿದವು. ಅದಕ್ಕೂ ಮೊದಲು ಇಷ್ಟು ಸರಳ ವಿಷಯಕ್ಕೆ ನಮ್ಮ ಬಳಿ ಸರಿಯಾದ ಉತ್ತರವಿರಲಿಲ್ಲ.

ಡೆಂಗಿಯ ವಿಷಯಕ್ಕೆ ಬರುತ್ತೇನೆ, ಈ ಮಳೆಗಾಲದಲ್ಲಿ ಸಭೆಯಲ್ಲಿರುವ ಕೆಲವರಿಗಾದರೂ ಅದು ಬಂದು ಹೋಗಿರಬೇಕು. ಡೆಂಗಿ ಆರ್‌ಎನ್‌ಎ ವೈರಸ್, ಅದರಲ್ಲಿ ಡಿಎನ್‌ಎ ಎಳ್ಳಷ್ಟೂ ಇಲ್ಲ. ಆದರೂ ಅದರ ಕತ್ತರಿ ಕಿಣ್ವ ಮನುಷ್ಯರ ಸ್ಟಿಂಗನ್ನು ಹುಡುಕಿ ಕತ್ತರಿಸುತ್ತದೆ. ಇಲಿಯ ಸ್ಟಿಂಗನ್ನು ಕತ್ತರಿಸಲಾರದು, ಪ್ರಯೋಗಾಲಯದ ಮಾಮೂಲಿ ಇಲಿಗೆ ಡೆಂಗಿ ಹತ್ತದಿರುವುದಕ್ಕೆ ಅದೂ ಒಂದು ಕಾರಣ. ಡಿಎನ್‌ಎಯನ್ನು ನೋಡುವ ದಾರಿಯನ್ನು ಆರ್‌ಎನ್‌ಎ ವೈರಸ್ ಕಡಿಯುವುದೇಕೆ? ಸೋಂಕಿನಿಂದ ಮೈಟೋಕಾಂಡ್ರಿಯಾ ಹಾಳಾಗಿ ನಮ್ಮದೇ ಡಿಎನ್‌ಎ ಒಳರಸಕ್ಕೆ ಸೋರುತ್ತದೆ, ಸಿ-ಗ್ಯಾಸ್ ಅದನ್ನು ಹಿಡಿಯುತ್ತದೆ. ಅಂದರೆ ಇಲ್ಲಿ ಅಪಾಯದ ಸೂಚನೆ ಕೊಟ್ಟದ್ದು ಅನ್ಯ ಬರಹವಲ್ಲ, ಜಾಗ ತಪ್ಪಿದ ನಮ್ಮದೇ ಬರಹ. ‘ಅನ್ಯವನ್ನು ಗುರುತಿಸುವ ವ್ಯವಸ್ಥೆ’ ಎಂಬ ಮಾತನ್ನು ಪಠ್ಯಪುಸ್ತಕಗಳು ಸಲೀಸಾಗಿ ಬಳಸುತ್ತವೆ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲದಿರುವುದು ಇದೇ ಕಾರಣಕ್ಕೆ.

ಕೆಲವು ವರ್ಷಗಳ ಹಿಂದೆ ನನಗೂ ಡೆಂಗಿ ಬಂದಿತ್ತು. ಎರಡನೆಯ ದಿನ ಕಣ್ಣುಗುಡ್ಡೆಗಳ ಹಿಂದೆ ನೋವು, ಮಂಡಿ ಮುರಿದು ಬಿಟ್ಟಂತೆ, ಕಂಬಳಿ ಹೊದ್ದರೂ ನಡುಕ. ಮಂಚದಲ್ಲಿ ಮಲಗಿ ನಾನು ಯೋಚಿಸಿದ್ದು, ಈ ನೋವಿನಲ್ಲಿ ದೊಡ್ಡ ಪಾಲು ವೈರಸ್ಸಿನದಲ್ಲ, ನನ್ನದೇ ಎಂದು. ಹಿಂದೆ ಹೆಪಟೈಟಿಸ್-ಸಿ ರೋಗಿಗಳಿಗೆ ಇಂಟರ್‌ಫೆರಾನನ್ನೇ ಚುಚ್ಚುಮದ್ದಾಗಿ ಕೊಡುತ್ತಿದ್ದರು. ಚುಚ್ಚಿದ ಕೆಲವು ತಾಸುಗಳಲ್ಲಿ ಅವರಿಗೆ ಚಳಿ, ಜ್ವರ, ಮೈಕೈ ನೋವು, ಏಳಲಾರದ ಆಯಾಸ. ಹೊಸ ಸೋಂಕು ಯಾವುದೂ ಇಲ್ಲದೆ ಫ್ಲೂ ಬಂದ ಹಾಗೆ. ಇಂಟರ್‌ಫೆರಾನ್ ಮುಟ್ಟಿದ ಜೀವಕೋಶದಲ್ಲಿ ನೂರಾರು ಜೀನುಗಳು ಎದ್ದು ನಿಲ್ಲುತ್ತವೆ: ಒಂದು, ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ; ಇನ್ನೊಂದು, ತನ್ನವರು ಪರರು ಎನ್ನದೆ ಸಿಕ್ಕ ಆರ್‌ಎನ್‌ಎಯನ್ನೆಲ್ಲ ಕತ್ತರಿಸುತ್ತದೆ. ಬೆಂಕಿ ಹರಡದಿರಲೆಂದು ತನ್ನ ಮನೆಯ ಮಾಡನ್ನೇ ಕೀಳುವಂಥ ಕೆಲಸ.

ಹೀಗಿರುವುದರಿಂದ ತಪ್ಪು ಎಚ್ಚರಿಕೆಗೆ ಬೆಲೆ ದೊಡ್ಡದು. 1984ರಲ್ಲಿ ಫ್ರಾನ್ಸಿನ ಝಾನ್ ಐಕಾರ್ಡಿ ಮತ್ತು ಫ್ರಾನ್ಸ್ವಾಝ್ ಗುತಿಯೇರ್ ಎಂಬ ವೈದ್ಯರು ಕೆಲವು ಎಳೆಯ ಮಕ್ಕಳಲ್ಲಿ ವಿಚಿತ್ರವಾದ ಮಿದುಳಿನ ಕಾಯಿಲೆಯನ್ನು ವಿವರಿಸಿದರು. ಗರ್ಭದಲ್ಲಿಯೇ ವೈರಸ್ ತಗುಲಿದಂತೆ ಎಲ್ಲ ಲಕ್ಷಣಗಳೂ ಇದ್ದವು, ವೈರಸ್ ಮಾತ್ರ ಇರಲಿಲ್ಲ. ಕಾರಣ 2006ರಲ್ಲಿ ತಿಳಿಯಿತು: ಒಳರಸಕ್ಕೆ ಸೋರಿದ ಚೂರುಪಾರು ಡಿಎನ್‌ಎಯನ್ನು ಗುಡಿಸಿ ಹಾಕುವ ಟ್ರೆಕ್ಸ್-1 ಎಂಬ ಕಿಣ್ವ ಆ ಮಕ್ಕಳಲ್ಲಿ ಹಲವರಿಗೆ ಕೆಟ್ಟಿತ್ತು. ಗುಡಿಸುವವರಿಲ್ಲದೆ ಕಸ ಸೇರಿತು, ಸಿ-ಗ್ಯಾಸ್ ಅದನ್ನು ಕಂಡಿತು, ಇಲ್ಲದ ವೈರಸ್ಸಿನ ವಿರುದ್ಧ ಹೋರಾಟ ಹುಟ್ಟಿದಂದಿನಿಂದ ನಡೆದಿತ್ತು. ಪ್ರಮಾಣ ಎಂದು ಆರಂಭದಲ್ಲಿ ನಾನು ಹೇಳಿದ್ದು ಇದನ್ನೇ. ಒಳರಸದಲ್ಲಿ ಡಿಎನ್‌ಎ ಒಂದು ಚೂರೂ ಇಲ್ಲದಿರುವುದು ಯಾವ ಜೀವಕೋಶಕ್ಕೂ ಸಾಧ್ಯವಿಲ್ಲ. ಗುಡಿಸುವ ವೇಗ ಸೇರುವ ವೇಗಕ್ಕಿಂತ ಹೆಚ್ಚಿರಬೇಕು, ಅಷ್ಟೆ.

ಲಸಿಕೆಗಳ ಬಗೆಗೆ ನಾಲ್ಕು ಮಾತು ಹೇಳದೆ ಈ ಊರಿನಲ್ಲಿ ಉಪನ್ಯಾಸ ಮುಗಿಸುವಂತಿಲ್ಲ. ಪ್ರಯೋಗಾಲಯದಲ್ಲಿ ಮಾಡಿದ ಆರ್‌ಎನ್‌ಎಯನ್ನು ಜೀವಕೋಶಕ್ಕೆ ಕೊಟ್ಟರೆ ಈ ಗ್ರಾಹಿಗಳೆಲ್ಲ ಎದ್ದು ಕೂರುತ್ತಿದ್ದವು, ಅದರಿಂದ ಪ್ರೋಟೀನ್ ಆಗುವ ಮೊದಲೇ ಉರಿಯೂತ. ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಯು ಅಕ್ಷರದ ಬದಲು ಸ್ಯೂಡೋಯುರಿಡಿನ್ ಬಳಸಿದರೆ ಟಾಲ್ ತರಹದ ಗ್ರಾಹಿಗಳು ಸುಮ್ಮನಿರುತ್ತವೆಂದು ತೋರಿಸಿದರು. ನಮ್ಮ ಆರ್‌ಎನ್‌ಎಗಳಲ್ಲಿ ಇಂಥ ತಿದ್ದಿದ ಅಕ್ಷರಗಳು ಮೊದಲೇ ಇವೆ. ಅವರು ಮಾಡಿದ್ದು ಬಂದವನಿಗೆ ಸ್ಥಳೀಯರ ಉಚ್ಚಾರ ಕಲಿಸಿದ ಹಾಗೆ. ಕೋವಿಡ್ಡಿನ ಆರ್‌ಎನ್‌ಎ ಲಸಿಕೆಗಳಿಗೆ ಬುನಾದಿ ಇದೇ; 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದಕ್ಕೆ ತದ್ವಿರುದ್ಧ ದಾರಿ ಕೊವ್ಯಾಕ್ಸಿನ್ನಿನದು. ಪುಣೆಯ ವೈರಾಣು ಸಂಸ್ಥೆಯಲ್ಲಿ ಬೇರ್ಪಡಿಸಿದ ವೈರಸ್ಸನ್ನೇ ಕೊಂದು ಮಾಡಿದ ಆ ಲಸಿಕೆಗೆ 7 ಮತ್ತು 8ನೆಯ ಗ್ರಾಹಿಗಳನ್ನು ಬೇಕೆಂದೇ ಎಬ್ಬಿಸುವ ಒಂದು ಪುಟ್ಟ ರಾಸಾಯನಿಕವನ್ನು ಸೇರಿಸಿದ್ದಾರೆ, ಏಕೆಂದರೆ ಸತ್ತ ವೈರಸ್ ತಾನಾಗಿ ಸಾಕಷ್ಟು ಗದ್ದಲ ಮಾಡುವುದಿಲ್ಲ. ಇದೇ ಪುಣೆಯ ಮಾಂಜರಿಯ ಕಾರ್ಖಾನೆಯಿಂದ ಬಂದ, ನಮ್ಮಲ್ಲಿ ಹೆಚ್ಚಿನವರು ತೆಗೆದುಕೊಂಡ ಕೊವಿಶೀಲ್ಡಿನಲ್ಲಿದ್ದುದು ಅಡಿನೋವೈರಸ್ಸಿನ ಡಿಎನ್‌ಎ; ಅದನ್ನು ನೋಡಲು 9ನೆಯ ಗ್ರಾಹಿಯೂ ಸಿ-ಗ್ಯಾಸೂ ಇವೆ. ಒಂದೇ ರೋಗಕ್ಕೆ ಮೂರು ಲಸಿಕೆಗಳು, ಒಂದೇ ಗ್ರಾಹಿ ವ್ಯವಸ್ಥೆಯೊಡನೆ ಮೂರು ಬಗೆಯ ವ್ಯವಹಾರ.

ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಎದ್ದು, ‘ಸರ್, ಒಂದೇ ಕೋವಿಡ್, ಒಂದೇ ಮನೆ. ನನ್ನ ತಮ್ಮ ವೆಂಟಿಲೇಟರಿಗೆ ಹೋದ, ನನಗೆ ನೆಗಡಿಯೂ ಆಗಲಿಲ್ಲ. ಇದಕ್ಕೆ ಏನು ಹೇಳುತ್ತೀರಿ?’ ಎಂದು ಕೇಳಿದರು. ಒಬ್ಬ ರೋಗಿಯ ವಿಷಯದಲ್ಲಿ ಹೀಗೆಯೇ ಎಂದು ಹೇಳುವುದು ಸರಿಯಲ್ಲ, ಹಿರಿಯರೆ. ಆದರೆ 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಪ್ರಾಣಾಪಾಯಕ್ಕೆ ಒಳಗಾದ 987 ಕೋವಿಡ್ ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ಸಿಕ್ಕವು, ಅವರಲ್ಲಿ 95 ಮಂದಿ ಗಂಡಸರು. ಸೌಮ್ಯವಾಗಿ ಬಂದು ಹೋದ 663 ಮಂದಿಯಲ್ಲಿ ಒಬ್ಬರಿಗೂ ಅವು ಇರಲಿಲ್ಲ. ಅದೇ ವರ್ಷ ನೆದರ್ಲೆಂಡ್ಸಿನಲ್ಲಿ ತೀವ್ರ ಕೋವಿಡ್ಡಿಗೆ ಸಿಕ್ಕಿದ ಎರಡು ಕುಟುಂಬಗಳ ಯುವ ಸಹೋದರರಲ್ಲಿ 7ನೆಯ ಗ್ರಾಹಿಯ ಜೀನೇ ಕೆಟ್ಟಿರುವುದು ಕಂಡಿತು. ಆ ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ, ಗಂಡಸರಿಗೆ ಅದರ ಒಂದೇ ಪ್ರತಿ. ಕಾಣುವ ಕಣ್ಣು ಕೆಟ್ಟರೂ ಅಷ್ಟೆ, ಕೂಗುವ ಗಂಟಲು ಕಟ್ಟಿದರೂ ಅಷ್ಟೆ, ವೈರಸ್ಸಿಗೆ ಮೊದಲ ಕೆಲವು ದಿನ ಬಿಟ್ಟಿ ಸಿಗುತ್ತದೆ.

ಕೊನೆಯ ಪ್ರಶ್ನೆ ಎಂಟನೆಯ ತರಗತಿಯ ಹುಡುಗಿಯದು. ಅವಳ ಅಜ್ಜಿಯ ಊರು ತೀರ್ಥಹಳ್ಳಿಯ ಕಡೆ. ‘ಉಣ್ಣಿಗೆ ಮಂಗನ ಕಾಯಿಲೆ ಯಾಕೆ ಬರೋದಿಲ್ಲ, ಅಂಕಲ್?’ ಎಂದಳು. ಉಣ್ಣಿಯಲ್ಲಿ ಇಂಟರ್‌ಫೆರಾನ್ ಇಲ್ಲ, ಪುಟ್ಟಿ. ಅದಕ್ಕೂ ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಆಗುವುದಿಲ್ಲ, ಆದರೆ ಅದು ಜ್ವರ ಬರಿಸಿಕೊಳ್ಳುವುದಿಲ್ಲ. ಡೈಸರ್ ಎಂಬ ಕಿಣ್ವದಿಂದ ಆ ಎಳೆಯನ್ನು ಚೂರುಚೂರು ಮಾಡುತ್ತದೆ. ಸೊಳ್ಳೆಯೂ ಹೀಗೆಯೇ ಮಾಡುತ್ತದೆ, ಅದು ಕತ್ತರಿಸುವುದು 21 ಅಕ್ಷರಗಳ ಅಳತೆಗೆ. ಆ ಚೂರನ್ನು ಮಾದರಿಯಾಗಿ ಹಿಡಿದುಕೊಂಡು ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎಯನ್ನು ಹುಡುಕಿ ಕಡಿಯುತ್ತದೆ. ವೈರಸ್ ಪೂರ್ತಿ ಸಾಯುವುದಿಲ್ಲ, ಮಿತಿಮೀರಿ ಬೆಳೆಯುವುದೂ ಇಲ್ಲ. ಮರಿಯಾಗಿದ್ದಾಗ ಹೊಕ್ಕದ್ದು ಪೊರೆ ಕಳಚಿ ದೊಡ್ಡದಾದ ಮೇಲೂ ಅದರ ಮೈಯಲ್ಲಿ ಉಳಿದಿರುತ್ತದೆ. ನಮ್ಮ ರಿಗ್-ಐ ಇದೆಯಲ್ಲ, ಅದರ ನಡುಭಾಗವೂ ಉಣ್ಣಿಯ ಡೈಸರಿನ ಒಂದು ಭಾಗವೂ ಒಂದೇ ಮನೆತನದವು. ಅಲ್ಲಿ ಅದು ಕತ್ತರಿಯ ಜೊತೆಗೆ ಸೇರಿದೆ, ಇಲ್ಲಿ ಗಂಟೆಯ ಜೊತೆಗೆ.